ಬಳಸದ ಐಬಿಎಂ ಮಾಡೆಲ್ ಎಂ ಕೀಬೋರ್ಡ್: ಕೊಳ್ಳುವ ಮುನ್ನ ಬಿಚ್ಚಿ ನೋಡಿ

ತುಮಕೂರಿನ ಎಂ.ಜಿ. ರಸ್ತೆಯ ಬಳಿ ಹಳೆಯ ಕಂಪ್ಯೂಟರ್ ಸಾಮಾನು ಮಾರುವ ಅಂಗಡಿಯೊಂದರಲ್ಲಿ, ಯಾರೂ ಬಳಸದೆ ರಟ್ಟಿನ ಪೆಟ್ಟಿಗೆಯಲ್ಲೇ ಉಳಿದಿದ್ದ ಐಬಿಎಂ ಮಾಡೆಲ್ ಎಂ ಕೀಬೋರ್ಡ್ ಕೊಂಡೆ. ಪ್ರತಿ ಕೀಯ ಕೆಳಗೂ ಸ್ಪ್ರಿಂಗ್ ಇರುವ, ಹಳೆಯ ಕಾಲದ ಕಂಪ್ಯೂಟರ್ ಕೀಬೋರ್ಡ್ ಇದು. ಹಿಂಬದಿಯ ಚೀಟಿಯಲ್ಲಿ 1391401 ಎಂಬ ಪಾರ್ಟ್ ನಂಬರೂ 1989ರ ತಯಾರಿಕೆಯ ದಿನಾಂಕವೂ ಸ್ಪಷ್ಟವಾಗಿವೆ. ಬಳಸದ ಕೀಬೋರ್ಡ್‌ಗಳನ್ನು ಸಂಗ್ರಹಿಸುವವರ ಕಣ್ಣು ಮೊದಲು ಹೋಗುವುದು ಈ ಚೀಟಿಯ ಮೇಲೇ. ಆದರೆ ಚೀಟಿ ಮಾಸಿಲ್ಲವೆಂದ ಮಾತ್ರಕ್ಕೆ ಒಳಭಾಗವೂ ಹೊಸದರಂತಿದೆ ಎಂದು ನಂಬುವುದು ತರವಲ್ಲ.

ಈ ಮಾದರಿಯಲ್ಲಿ ಸ್ಪ್ರಿಂಗ್‌ಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಚೌಕಟ್ಟನ್ನು ಬಾಗಿದ ಉಕ್ಕಿನ ತಗಡಿಗೆ ಸಣ್ಣ ಪ್ಲಾಸ್ಟಿಕ್ ರಿವೆಟ್‌ಗಳಿಂದ ಬಿಗಿದಿರುತ್ತಾರೆ. ಯಾರೂ ಒಂದಕ್ಷರವನ್ನೂ ಒತ್ತದಿದ್ದರೂ ವರ್ಷಗಳು ಕಳೆದಂತೆ ಅವು ಪೆಡಸಾಗುತ್ತವೆ, ಸಾಗಣೆಯಲ್ಲಿ ಪೆಟ್ಟು ಬಿದ್ದರೆ ಅವುಗಳ ತಲೆ ಹಾರಿಹೋಗುತ್ತದೆ. ಕೀಬೋರ್ಡನ್ನು ಮಗುಚಿ ಮೆಲ್ಲನೆ ಅಲುಗಾಡಿಸಿದಾಗ ಒಳಗೆ ಕಾಳು ಉರುಳಿದಂತೆ ಸದ್ದಾದರೆ ಮುರಿದ ರಿವೆಟ್‌ಗಳಿವೆಯೆಂದು ತಿಳಿಯಬೇಕು. ನಾನು ಕೊಂಡದ್ದರಲ್ಲೂ ಆ ಸದ್ದಿತ್ತು. ಅಂಗಡಿಯವರು ಬೇಸರಿಸದೆ 5.5 ಮಿಲಿಮೀಟರ್ ಸಾಕೆಟ್ ಸ್ಪ್ಯಾನರ್ ಕೊಟ್ಟು ಅಲ್ಲಿಯೇ ಬಿಚ್ಚಲು ಬಿಟ್ಟರು. ಕೆಳಸಾಲಿನ ಕೆಲವು ರಿವೆಟ್‌ಗಳಿಗೆ ತಲೆಯೇ ಇರದಿದ್ದುದನ್ನು ತಾವೂ ನೋಡಿ ಬೆಲೆ ಇಳಿಸಿದರು. ಆ ಜಾಗಗಳಲ್ಲಿ ರಂಧ್ರ ಕೊರೆದು ಸಣ್ಣ ಬೋಲ್ಟ್ ಹಾಕಿದರೆ ಬಿಗಿತ ಮರಳುತ್ತದೆ. ಹಾಗೆ ಮಾಡಿದರೆ ಸಂಗ್ರಹದ ಮೌಲ್ಯ ಕುಂದುತ್ತದೆ ಎನ್ನುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಕೆಲಸ ಮಾಡುವ ಕೀಬೋರ್ಡೇ ಹೆಚ್ಚು ಬೆಲೆಯುಳ್ಳದ್ದು.

ಟೈಪಿಂಗ್‌ನ ಅನುಭವವಂತೂ ಅದ್ಭುತ. ಪ್ರತಿ ಕೀಯ ಕೆಳಗಿರುವ ಸ್ಪ್ರಿಂಗ್ ಒಂದು ಹಂತದವರೆಗೆ ಒತ್ತಡ ತಡೆದು, ಥಟ್ಟನೆ ಪಕ್ಕಕ್ಕೆ ಬಾಗಿ, ಬುಡದ ಪುಟ್ಟ ಸುತ್ತಿಗೆಯನ್ನು ಮೆಂಬ್ರೇನಿನ, ಅಂದರೆ ಒತ್ತಿದ ಕೀಯನ್ನು ಗುರುತಿಸುವ ತೆಳು ಹಾಳೆಯ ಮೇಲೆ ಬಡಿಯುತ್ತದೆ. ಅಕ್ಷರ ಮೂಡಿತೆಂದು ಬೆರಳಿಗೂ ಕಿವಿಗೂ ಒಟ್ಟಿಗೇ ತಿಳಿಯುತ್ತದೆ. ನಮ್ಮ ಡಿಟಿಪಿ ಕೇಂದ್ರಗಳಲ್ಲಿ ಮನೆಮಾತಾಗಿದ್ದ ಟಿವಿಎಸ್ ಗೋಲ್ಡ್ ಕೀಬೋರ್ಡಿನ, ಒತ್ತಿದಾಗ ಕ್ಲಿಕ್ ಎನ್ನುವ ಚೆರ್ರಿ ನೀಲಿ ಸ್ವಿಚ್‌ಗಳಿಗೆ ಒಗ್ಗಿದವರಿಗೆ ಇದು ಮೊದಮೊದಲು ಗಡುಸೆನಿಸಬಹುದು. ಪಿಬಿಟಿ ಪ್ಲಾಸ್ಟಿಕ್ಕಿನ ಕೀಕ್ಯಾಪ್‌ಗಳ ಮೇಲಿನ ತರಿತರಿ ಹಾಗೇ ಇದ್ದು, ಎಲ್ಲಿಯೂ ಬೆರಳಿನ ಹೊಳಪು ಕಾಣದಿರುವುದು ಇದು ಬಳಸದ್ದೆಂಬುದಕ್ಕೆ ಸಾಕ್ಷಿ.

ಕೀಗಳು 101, ವಿಂಡೋಸ್ ಕೀ ಇಲ್ಲ. ಆದರೆ ಈಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಕಾಣದ ಸ್ಕ್ರೋಲ್ ಲಾಕ್ ಇಲ್ಲಿದೆ, ನುಡಿ ತಂತ್ರಾಂಶದಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಬದಲಾಯಿಸಲು ಅದು ನೆರವಾಗುತ್ತದೆ. ಇದರ ಹಳೆಯ ಮಾದರಿಯ ಪ್ಲಗ್ಗನ್ನು ಯುಎಸ್‌ಬಿಗೆ ಜೋಡಿಸಲು ಒಳಗೆ ಚಿಪ್ ಇರುವ ಕನ್ವರ್ಟರನ್ನೇ ಕೊಳ್ಳಬೇಕು. ಮೌಸ್ ಜೊತೆ ಬರುತ್ತಿದ್ದ ಸಾದಾ ಅಡಾಪ್ಟರ್ ಇದಕ್ಕೆ ನಡೆಯುವುದಿಲ್ಲ. ಎರಡು ಕಿಲೋ ಮೀರಿದ ತೂಕವಿರುವುದರಿಂದ ಬಸ್ಸಿನಲ್ಲಿ ತರುವವರು ಮೇಲಿನ ಕ್ಯಾರಿಯರ್‌ನಲ್ಲಿ ಇಡದೆ ತೊಡೆಯ ಮೇಲೆ ಇಟ್ಟುಕೊಳ್ಳಿ, ಉಳಿದ ರಿವೆಟ್‌ಗಳಾದರೂ ಉಳಿಯಲಿ.