ಖಾರದೂಟದ ಎದುರು ಹೊರದೇಶದ ಬಿಯರ್‌ಗಳು: ಒಂದು ಹೋಲಿಕೆ

ಬಿಯರ್‌ಗಳನ್ನು ಹೋಲಿಸುವವರು ಸಾಮಾನ್ಯವಾಗಿ ಬಣ್ಣ, ನೊರೆ, ಪರಿಮಳ, ರುಚಿ ಎಂದು ವಿಭಾಗ ಮಾಡಿಕೊಂಡು ಅಂಕ ಹಂಚುತ್ತಾರೆ. ಬೆಳಗಾವಿ ಸೀಮೆಯಲ್ಲಿ ಆ ಪದ್ಧತಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಇಲ್ಲಿ ಬಿಯರ್ ಒಂಟಿಯಾಗಿ ಮೇಜಿಗೆ ಬರುವುದೇ ಅಪರೂಪ. ಮೊದಲು ಹುರಿದ ಶೇಂಗಾ, ಅದರ ಬೆನ್ನಿಗೆ ಮಿರ್ಚಿ ಭಜಿ, ಕೊನೆಗೆ ಸಾವಜಿ ಖಾನಾವಳಿಯ ಎಣ್ಣೆ ತೇಲುವ ಕೆಂಪು ಮಟನ್ ರಸ ಮತ್ತು ಕಡಕ್ ರೊಟ್ಟಿ ಬರುತ್ತವೆ. ಆದ್ದರಿಂದ ನಾನು ಪ್ರತಿಯೊಂದು ಬಿಯರನ್ನೂ ಎರಡು ಬಾರಿ ತೂಗುತ್ತೇನೆ: ಒಮ್ಮೆ ಬರಿಯ ಬಿಯರಾಗಿ, ಇನ್ನೊಮ್ಮೆ ಈ ಊಟದ ಜೊತೆಗಾರನಾಗಿ. ಉದ್ಯಮಬಾಗದ ಫೌಂಡ್ರಿಯೊಂದರ ಕೆಲಸದ ನಿಮಿತ್ತ ಯುರೋಪಿಗೆ ಹೋಗಿ ಬರುವಾಗ ಇವುಗಳಲ್ಲಿ ಕೆಲವನ್ನು ಹುಟ್ಟಿದ ಊರಿನಲ್ಲಿಯೇ ಕುಡಿದಿದ್ದೇನೆ. ಉಳಿದವು ಬೆಳಗಾವಿ ಮತ್ತು ಗೋವಾದಲ್ಲಿ ಸಿಕ್ಕವು. ಗೋವಾದಲ್ಲಿ ಕುಡಿದದ್ದು ಗೋವಾದಲ್ಲಿಯೇ ಮುಗಿಯಿತು, ಬಾಟಲಿಗಳನ್ನು ಚೋರ್ಲಾ ಘಾಟ್ ದಾಟಿಸುವ ಗೋಜಿಗೆ ಹೋಗಲಿಲ್ಲ ಎಂಬುದನ್ನು ಅಬಕಾರಿಯವರ ಸಮಾಧಾನಕ್ಕಾಗಿ ಇಲ್ಲಿಯೇ ಹೇಳಿಬಿಡುತ್ತೇನೆ.

ಬರಿಯ ಬಿಯರ್ ಎಂಬ ಲೆಕ್ಕದಲ್ಲಿ ನನ್ನ ಮೊದಲ ಸ್ಥಾನ ಚೆಕ್ ದೇಶದ ಪಿಲ್ಸ್ನರ್ ಉರ್ಕೆಲ್‌ಗೆ. 1838ರಲ್ಲಿ ಪಿಲ್ಸೆನ್ ನಗರದ ಜನ ತಮ್ಮೂರಿನ ಕೆಟ್ಟ ಬಿಯರಿನಿಂದ ಬೇಸತ್ತು ಪೀಪಾಯಿಗಳನ್ನು ನಗರಸಭೆಯ ಮುಂದೆಯೇ ಸುರಿದರೆಂದು ಹೇಳುತ್ತಾರೆ. ಅನಂತರ ಊರಿನವರೇ ಸೇರಿ ಹೊಸ ತಯಾರಿಕಾ ಘಟಕವನ್ನು ಕಟ್ಟಿ, ಇಂದಿನ ಜರ್ಮನಿಯ ಭಾಗವಾದ ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬ ಕುಶಲಿಯನ್ನು ಕರೆಸಿಕೊಂಡರು. ಅವನು 1842ರಲ್ಲಿ ತಿಳಿ ಬಣ್ಣದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಲವಣಾಂಶ ಬಹಳ ಕಡಿಮೆಯಿರುವ ಆ ಊರಿನ ನೀರು, ಬಿಯರಿಗೆ ಕಹಿ ಮತ್ತು ಪರಿಮಳ ಕೊಡುವ ಝಾಟೆಟ್ಸ್ ಪ್ರದೇಶದ ಹಾಪ್ಸ್ ಹೂವು ಇವುಗಳಿಂದ ಮಾಡಿದ ಹೊನ್ನಿನ ಬಣ್ಣದ ಬಿಯರೇ ಇಂದು ಜಗತ್ತಿನ ತುಂಬ ಹರಡಿರುವ, ತಂಪಿನಲ್ಲಿ ನಿಧಾನವಾಗಿ ಹುದುಗಿಸಿದ ತಿಳಿ ಲಾಗರ್‌ಗಳ ಮೂಲ. ನಮ್ಮ ವೈನ್ ಶಾಪಿನ ಫ್ರಿಜ್ಜಿನಲ್ಲಿರುವ ಬಹುತೇಕ ಬಾಟಲಿಗಳು ಇದರ ದೂರದ ಸಂತತಿ. ಮಾಲ್ಟಿನ ಗಂಜಿಯಲ್ಲಿ ಒಂದು ಪಾಲನ್ನು ತೆಗೆದು, ಬೇರೆಯಾಗಿ ಕುದಿಸಿ, ಮತ್ತೆ ಮೂಲ ಕೊಪ್ಪರಿಗೆಗೆ ಸೇರಿಸುವ ಕ್ರಮವನ್ನು ಅಲ್ಲಿ ಇಂದಿಗೂ ಮೂರು ಬಾರಿ ನಡೆಸುತ್ತಾರೆ. ಇದರಿಂದ ಬರುವ ರೊಟ್ಟಿಯ ಹೊಪ್ಪಳಿಕೆಯಂತಹ ಸುಟ್ಟ ಸಿಹಿಯೂ, ಹಾಪ್ಸ್‌ನ ಒಗರು ಬೆರೆತ ಕಹಿಯೂ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಮದ್ಯಸಾರ ಕೇವಲ ಶೇ 4.4. ಪಿಲ್ಸೆನ್‌ನಲ್ಲಿ ದಪ್ಪ ಹಸಿ ನೊರೆಯೊಂದಿಗೆ ಇದನ್ನು ಕುಡಿದವನಿಗೆ, ಕಹಿಯೆಂಬುದು ಸಹಿಸಿಕೊಳ್ಳಬೇಕಾದ ದೋಷವಲ್ಲ, ಬಯಸಿ ಕೇಳಬೇಕಾದ ರುಚಿ ಎಂಬುದು ತಾನಾಗಿ ತಿಳಿಯುತ್ತದೆ.

ಆದರೆ ಇದೇ ಬಿಯರ್ ಸಾವಜಿ ರಸದ ಮುಂದೆ ಸೋಲುತ್ತದೆ. ಮೆಣಸಿನಕಾಯಿಯ ಉರಿಗೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ; ಮದ್ಯಸಾರದಲ್ಲಿ ಕರಗುತ್ತದೆಯಾದರೂ ಬಿಯರಿನಲ್ಲಿರುವ ನಾಲ್ಕೈದು ಶೇಕಡಾ ಅದನ್ನು ತೊಳೆಯಲು ಏನೇನೂ ಸಾಲದು. ಅಷ್ಟೇ ಅಲ್ಲ, ಖಾರ ಮತ್ತು ಬಿಸಿಯನ್ನು ಗುರುತಿಸುವ ನರಗ್ರಾಹಕವನ್ನು ಮದ್ಯಸಾರವೂ ಕೆರಳಿಸುತ್ತದೆ, ಅನಿಲದ ಗುಳ್ಳೆಗಳು ಬೆಂದ ನಾಲಿಗೆಯನ್ನು ಮತ್ತಷ್ಟು ಚುಚ್ಚುತ್ತವೆ, ಮೇಲಿಂದ ಹಾಪ್ಸ್‌ನ ಕಹಿ ಸೇರಿದರೆ ಉರಿ ಇನ್ನೂ ಹೊತ್ತು ಬಾಯಲ್ಲಿ ಉಳಿಯುತ್ತದೆ. ಪಿಲ್ಸ್ನರ್ ಉರ್ಕೆಲ್‌ನ ಕಹಿ ನಮ್ಮ ಸಾಧಾರಣ ಲಾಗರ್‌ಗಳಿಗಿಂತ ಬಹಳ ಮೇಲಿನದು. ಮೊದಲ ತುತ್ತಿನ ನಂತರ ಬಿಯರಿನ ನಯವೂ ತಿಳಿಯದು, ಮಟನ್ನಿನ ಮಸಾಲೆಯೂ ತಿಳಿಯದು. ಇದಕ್ಕೆ ಶೇಂಗಾ ಸಾಕು. ಹೆಚ್ಚೆಂದರೆ ಖಾರ ಹಾಕದ ಗಿರ್ಮಿಟ್.

ಊಟದ ಪಂದ್ಯವನ್ನು ಗೆದ್ದದ್ದು ಗೋಧಿಯ ಬಿಯರ್. ಅದರಲ್ಲಿಯೂ ಎರಡು ಮನೆತನಗಳಿವೆ: ಒಂದು ಬವೇರಿಯಾದ್ದು, ಇನ್ನೊಂದು ಬೆಲ್ಜಿಯಂನದು. ಇವೆರಡರ ನಡುವಿನ ಆಯ್ಕೆ ನನಗೆ ಎಲ್ಲಕ್ಕಿಂತ ಕಷ್ಟವಾಯಿತು.

ಬವೇರಿಯಾದ ಪರವಾಗಿ ವೈಹೆನ್‌ಸ್ಟೆಫಾನ್ ಅನ್ನು ಇಟ್ಟುಕೊಂಡಿದ್ದೇನೆ. ಮ್ಯೂನಿಕ್ ಬಳಿಯ ಫ್ರೈಸಿಂಗ್‌ನ ಗುಡ್ಡದ ಮೇಲೆ ಬೆನೆಡಿಕ್ಟೈನ್ ಎಂಬ ಕ್ರೈಸ್ತ ಸನ್ಯಾಸಿ ಪಂಥದ ಮಠದ ಆವರಣದಲ್ಲಿ 1040ರಿಂದ ಬಿಯರ್ ತಯಾರಾಗುತ್ತಿದೆ ಎಂಬುದು ಅವರ ಹೇಳಿಕೆ. ಈಗ ಅದು ಬವೇರಿಯಾ ಸರ್ಕಾರದ ಸ್ವತ್ತು. 1516ರ ಪ್ರಸಿದ್ಧ ಬವೇರಿಯಾ ಶಾಸನ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇಷ್ಟನ್ನೇ ಬಳಸಬೇಕೆಂದು ವಿಧಿಸಿತ್ತು, ಗೋಧಿಯ ಬಿಯರ್ ಮಾತ್ರ ಅರಸರ ವಿಶೇಷ ಅಪ್ಪಣೆಯಿಂದ ಬದುಕಿ ಬಂದು, ಮುಂದೆ ಅರಸುಮನೆತನದ್ದೇ ಲಾಭದ ವ್ಯಾಪಾರವಾಯಿತು. ಗ್ಲಾಸನ್ನು ಮೂಗಿನ ಬಳಿ ತಂದರೆ ಮಾಗಿದ ಬಾಳೆಹಣ್ಣಿನ ವಾಸನೆ, ಅದರ ಹಿಂದೆ ಲವಂಗ. ಇವೆರಡರಲ್ಲಿ ಒಂದನ್ನೂ ಅದಕ್ಕೆ ಹಾಕಿರುವುದಿಲ್ಲ. ಬಾಳೆಹಣ್ಣಿನಲ್ಲಿಯೇ ಇರುವ ಐಸೊಅಮೈಲ್ ಅಸಿಟೇಟ್ ಎಂಬ ಸಂಯುಕ್ತವನ್ನೂ, ಲವಂಗದ ಪರಿಮಳ ಕೊಡುವ ಇನ್ನೊಂದನ್ನೂ ಅಲ್ಲಿಯ ಯೀಸ್ಟ್ ಹುದುಗುವಾಗ ತಾನೇ ಹುಟ್ಟಿಸುತ್ತದೆ. ಕಹಿ ತೀರ ಕಡಿಮೆ, ಗೋಧಿಯ ಪ್ರೋಟೀನಿನಿಂದಾಗಿ ಮೈ ದಪ್ಪ. ಸಾವಜಿ ರಸದಲ್ಲಿ ಲವಂಗ, ದಾಲ್ಚಿನ್ನಿ ಮೊದಲೇ ಇರುತ್ತವೆಯಾದ್ದರಿಂದ ಬಿಯರಿನ ಲವಂಗ ಅದರೊಡನೆ ಕೂಡಿಕೊಳ್ಳುತ್ತದೆ, ಬಾಳೆಹಣ್ಣಿನ ಸಿಹಿಭಾವ ಉರಿಯನ್ನು ತಗ್ಗಿಸುತ್ತದೆ. ಬಡಿಸುವಾಗ ಬಾಟಲಿಯ ತಳದಲ್ಲಿ ಸ್ವಲ್ಪ ಉಳಿಸಿ, ಚೆನ್ನಾಗಿ ತಿರುಗಿಸಿ, ತಳದ ಯೀಸ್ಟನ್ನೂ ಗ್ಲಾಸಿಗೆ ಸುರಿಯಬೇಕು. ನಮ್ಮಲ್ಲಿ ಕೆಲವು ಹೋಟೆಲುಗಳ ಹುಡುಗರು ಆ ಮಡ್ಡಿಯನ್ನು ಕಂಡು ಬಿಯರ್ ಕೆಟ್ಟಿದೆಯೆಂದು ಭಾವಿಸಿ ಬಾಟಲಿಯನ್ನು ಮರಳಿ ಒಯ್ಯಲು ಮುಂದಾಗುತ್ತಾರೆ; ಅವರನ್ನು ತಡೆಯಬೇಕಾಗುತ್ತದೆ.

ಬೆಲ್ಜಿಯಂನ ಹೂಗಾರ್ಡನ್ ಇದಕ್ಕಿಂತ ಹಗುರ. ಮದ್ಯಸಾರ ಅಲ್ಲಿ ಶೇ 5.4 ಇದ್ದರೆ ಇಲ್ಲಿ ಶೇ 4.9. ಈ ಹೆಸರಿನ ಊರಿನಲ್ಲಿ ಬಿಳಿ ಬಿಯರಿನ ಕೊನೆಯ ಘಟಕ 1957ರಲ್ಲಿ ಮುಚ್ಚಿಹೋಗಿತ್ತು. ಕೆಲವು ವರ್ಷಗಳ ಮೇಲೆ ಪಿಯೆರ್ ಸೆಲಿಸ್ ಎಂಬ ಹಾಲು ಮಾರುವವನು ಅದನ್ನು ತನ್ನ ಕೈಯಾರೆ ಮತ್ತೆ ಬದುಕಿಸಿದ. ಮೊಳಕೆ ಬರಿಸದ ಹಸಿ ಗೋಧಿ, ಒಣಗಿಸಿದ ಕಿತ್ತಳೆ ಸಿಪ್ಪೆ ಮತ್ತು ಕೊತ್ತಂಬರಿ ಬೀಜ, ಅಂದರೆ ನಮ್ಮ ಹವೀಜ, ಇದರ ಜೀವಾಳ. ಹವೀಜ ಬಿದ್ದ ಬಿಯರ್ ನಮ್ಮೂಟಕ್ಕೆ ತಾನಾಗಿ ಒಗ್ಗಬೇಕೆಂದು ಎಣಿಸುವುದು ಸಹಜ. ಮಿರ್ಚಿ ಭಜಿಯ ಜೊತೆಗೆ ಅದು ನಿಜ: ಕಿತ್ತಳೆಯ ಸಣ್ಣ ಹುಳಿ ಕಡಲೆಹಿಟ್ಟಿನ ಎಣ್ಣೆಯ ಜಿಡ್ಡನ್ನು ಕತ್ತರಿಸಿ ಹಾಕುತ್ತದೆ, ವೈಹೆನ್‌ಸ್ಟೆಫಾನ್ ಅಲ್ಲಿ ಭಾರವೆನಿಸುತ್ತದೆ. ಆದರೆ ಮಟನ್ ರಸ ಬಂದೊಡನೆ ಹೂಗಾರ್ಡನ್ ತೆಳ್ಳಗಾಗಿ ಕಾಣೆಯಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿದಾಗ ನಾನು ಕೇಳುವುದು ಹೂಗಾರ್ಡನ್ನನ್ನೇ. ಸಾವಜಿ ಊಟಕ್ಕೆ ಮಾತ್ರ ಬವೇರಿಯಾದ್ದೇ ಮೇಲು, ಈ ತೀರ್ಪನ್ನು ಬದಲಿಸಲು ನನಗೆ ಇನ್ನೂ ಕಾರಣ ದೊರೆತಿಲ್ಲ.

ಐರ್ಲೆಂಡಿನ ಗಿನ್ನೆಸ್ ಬಗ್ಗೆ ನಮ್ಮವರಲ್ಲಿ ಒಂದು ಭಯವಿದೆ. ಕಪ್ಪು ಬಣ್ಣವನ್ನು ಕಂಡು ಅದು ಭಾರಿ ಅಮಲಿನದೆಂದು ತಿಳಿಯುತ್ತಾರೆ. ನಿಜಕ್ಕೂ ಡ್ರಾಫ್ಟ್ ಗಿನ್ನೆಸ್‌ನಲ್ಲಿ ಮದ್ಯಸಾರ ಶೇ 4.2ರ ಆಸುಪಾಸಿನಲ್ಲಿದ್ದು, ನಮ್ಮಲ್ಲಿ ಕಣ್ಣುಮುಚ್ಚಿ ಕುಡಿಯುವ ಸ್ಟ್ರಾಂಗ್ ಬಿಯರಿಗಿಂತ ಎಷ್ಟೋ ಸೌಮ್ಯ. ಹುರಿದ ಬಾರ್ಲಿಯಿಂದ ಕಪ್ಪು ಬರುತ್ತದೆ; ಇಂಗಾಲದ ಡೈಆಕ್ಸೈಡ್ ಜೊತೆಗೆ ಸಾರಜನಕವನ್ನೂ ತುಂಬುವುದರಿಂದ ಗುಳ್ಳೆಗಳು ಅತಿ ಸಣ್ಣವಾಗಿ, ನೊರೆ ಕೆನೆಯಾಗುತ್ತದೆ. ಕ್ಯಾನಿನೊಳಗೆ ಗುಡುಗುಡು ಎನ್ನುವ ಪ್ಲಾಸ್ಟಿಕ್ ಗುಂಡು ಇರುವುದು ಆ ಸಾರಜನಕವನ್ನು ಬಿಡುಗಡೆ ಮಾಡಲಿಕ್ಕೆ. ಡಬ್ಲಿನ್‌ನಲ್ಲಿ ಆರ್ಥರ್ ಗಿನ್ನೆಸ್ 1759ರಲ್ಲಿ ವರ್ಷಕ್ಕೆ 45 ಪೌಂಡಿನಂತೆ 9000 ವರ್ಷಗಳ ಗೇಣಿ ಬರೆಸಿಕೊಂಡನಂತೆ. ಆಸ್ತಿ ವ್ಯಾಜ್ಯಗಳನ್ನು ಕಂಡ ನಮ್ಮ ಸೀಮೆಯವರಿಗೆ ಆ ದೂರದೃಷ್ಟಿ ಬಿಯರಿಗಿಂತ ಹೆಚ್ಚು ಮೆಚ್ಚುಗೆಯಾದೀತು. ರಸದ ಅಡುಗೆಗೆ ಇದು ಹೊಂದುವುದಿಲ್ಲ. ಬೆಳಗಾವಿಯಲ್ಲಿ ಜಿಟಿಜಿಟಿ ಮಳೆ ಹಿಡಿದ ಜುಲೈ ಸಂಜೆ, ತಳ ಹತ್ತುವಷ್ಟು ಹುರಿದ ಮಟನ್ ಸುಕ್ಕಾ ಇದ್ದರೆ ಹೊಂದುತ್ತದೆ, ಅದೂ ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಟ್ಟ ಮೇಲೆ.

ಹಾಪ್ಸ್ ಹೆಚ್ಚಾಗಿ ಹಾಕಿ, ಲಾಗರಿಗಿಂತ ಬೆಚ್ಚಗೆ ಹುದುಗಿಸಿದ ಏಲ್‌ಗಳ ವಿಚಾರವನ್ನು ಬೇಗ ಮುಗಿಸಬಹುದು. ಅಮೆರಿಕದ ಸಿಯೆರಾ ನೆವಾಡಾ ಪೇಲ್ ಏಲ್ 1980ರಿಂದ ಅಲ್ಲಿಯ ಅಭಿರುಚಿಯನ್ನೇ ತಿರುಗಿಸಿದ ಬಿಯರ್. ಚಕೋತದ ಸಿಪ್ಪೆಯನ್ನು ನೆನಪಿಸುವ ಅದರ ಪರಿಮಳ ಮನೋಹರ, ಖಾರದ ಜೊತೆ ಮಾತ್ರ ಅಸಹನೀಯ. ಇಂಡಿಯಾ ಪೇಲ್ ಏಲ್‌ದೂ ಅದೇ ಪಾಡು. ಭಾರತದಲ್ಲಿದ್ದ ಇಂಗ್ಲಿಷರಿಗಾಗಿ ಹಡಗು ಹತ್ತಿ ಬಂದ ಈ ಬಿಯರಿನ ಹೆಸರಿನಲ್ಲಿ ಇಂಡಿಯಾ ಇದೆ. ಇಲ್ಲಿಯ ಊಟದ ಲೆಕ್ಕ ಅದರಲ್ಲಿ ಎಲ್ಲಿಯೂ ಇಲ್ಲ.

ಹೀನೆಕೆನ್, ಕರೋನಾ ಬಿಯರುಗಳನ್ನು ನಾನು ಇಲ್ಲಿ ತೂಗುವುದಿಲ್ಲ. ಅವುಗಳ ಬಾಟಲಿಯ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಅವಶ್ಯ. ಹಾಪ್ಸ್‌ನ ಕಹಿ ದ್ರವ್ಯಗಳಿಗೆ ಬೆಳಕು ತಗುಲಿದರೆ ಗಂಧಕ ಬೆರೆತ ದುರ್ವಾಸನೆ ಹುಟ್ಟುತ್ತದೆ. ಕಂದು ಗಾಜು ಅದನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು ಅಷ್ಟಾಗಿ ತಡೆಯದು, ಬಿಳಿ ಗಾಜು ತಡೆಯುವುದೇ ಇಲ್ಲ. ಅಂಗಡಿಯ ಮುಂಭಾಗದಲ್ಲಿ ಬಿಸಿಲಿಗೆ ಜೋಡಿಸಿಟ್ಟ ಹಸಿರು ಬಾಟಲಿಯನ್ನು ಎಷ್ಟು ತಣ್ಣಗೆ ಮಾಡಿದರೂ ಆ ವಾಸನೆ ಹೋಗುವುದಿಲ್ಲ, ಆದ್ದರಿಂದ ಒಳಗಿನ ಪೆಟ್ಟಿಗೆಯಿಂದಲೇ ತೆಗೆದುಕೊಡಲು ಕೇಳುವುದು ಒಳ್ಳೆಯದು.

ಊಟದ ಕೊನೆಗೆ ಒಂದು ಬಿಯರ್ ಉಳಿಯುತ್ತದೆ. ಬೆಲ್ಜಿಯಂನ ಟ್ರಾಪಿಸ್ಟ್ ಎಂಬ ಕ್ರೈಸ್ತ ಸನ್ಯಾಸಿ ಪಂಥದ ಮಠದ ಶಿಮೇ ನೀಲಿ ಪಟ್ಟಿಯದು ಶೇ 9ರಷ್ಟು ಮದ್ಯಸಾರದ ಕಡುಗಂದು ಬಿಯರ್. ಬಾಟಲಿಯಲ್ಲಿಯೇ ಎರಡನೆಯ ಬಾರಿ ಹುದುಗುವುದರಿಂದ ವರ್ಷಗಟ್ಟಲೆ ಇಟ್ಟರೂ ಕೆಡದೆ ಮಾಗುತ್ತದೆ. ಒಣದ್ರಾಕ್ಷಿ, ಅಂಜೂರ, ಸುಟ್ಟ ಸಕ್ಕರೆಯ ರುಚಿಯ ಇದನ್ನು ಖಾರದೊಡನೆ ಕುಡಿಯುವುದು ದಂಡ. ಸಿಹಿತಿಂಡಿಯೊಡನೆ ಸಣ್ಣ ಗ್ಲಾಸಿನಲ್ಲಿ ಕುಡಿಯಬೇಕು. ಬೆಳಗಾವಿಯ ಕುಂದಾ ಇದರ ಮುಂದೆ ಅತಿ ಸಿಹಿಯಾಗಿ, ಹಾಲಿನ ಜಿಡ್ಡು ಬಿಯರನ್ನು ಮುಚ್ಚಿಹಾಕಿತು. ಗೋಕಾಕದ ಕರದಂಟು ಸರಿಯಾಗಿ ಕೂಡಿತು, ಅದರ ಬೆಲ್ಲ, ಅಂಟು, ಒಣಹಣ್ಣುಗಳೆಲ್ಲಕ್ಕೂ ಬಿಯರಿನಲ್ಲಿ ಒಂದೊಂದು ಉತ್ತರವಿತ್ತು. ಅಮೀನಗಡದ ಕರದಂಟನ್ನು ಇದರೊಡನೆ ಇನ್ನೂ ನೋಡಿಲ್ಲ; ಬಾಗಲಕೋಟೆಯ ಗೆಳೆಯರು ಅದೇ ಮೇಲೆಂದು ವಾದಿಸುತ್ತಾರೆ, ಬಾಟಲಿಯನ್ನು ಮಾತ್ರ ನಾನೇ ತರಬೇಕಂತೆ.