ಡಬ್ಬಿ ತೆರೆಯಬೇಡಿ ಅನ್ನುವವನ ಹತ್ತಿರ ಸಹಿಯ ಬೇಸ್‌ಬಾಲ್ ಕೊಳ್ಳಬೇಡಿ

ಇದನ್ನು ಬರೆಯಲೋ ಬೇಡವೋ ಅಂತ ಎರಡು ವಾರ ಒದ್ದಾಡಿದ್ದೇನೆ. ನನ್ನ ಹೆಂಡತಿಗೇ ಪೂರ್ತಿ ಮೊತ್ತ ಹೇಳಿದ್ದು ಮೊನ್ನೆ ಭಾನುವಾರ. ಹೇಳಿಕೊಳ್ಳಲು ನಾಚಿಕೆ, ಹೇಳದೆ ಇದ್ದರೆ ಹೊಟ್ಟೆಯುರಿ. ನಮ್ಮ ನ್ಯೂಜೆರ್ಸಿಯ ಕನ್ನಡದ ಮನೆಗಳಲ್ಲಿ ಮಕ್ಕಳು ಬೇಸ್‌ಬಾಲ್ ಕಾರ್ಡ್ ಕೂಡಿಹಾಕುವುದು, ಆಟಗಾರರ ಸಹಿ ಇರುವ ಚೆಂಡು ಬೇಕು ಅಂತ ಹಟ ಹಿಡಿಯುವುದು ಈಗ ಕಾಣುತ್ತಲೇ ಇದೆ. ನಮ್ಮಂಥ ಅಪ್ಪಂದಿರಿಗೆ ಕ್ರಿಕೆಟ್ ಗೊತ್ತು, ಇದು ಗೊತ್ತಿಲ್ಲ. ನಮಗೆ ಗೊತ್ತಿಲ್ಲ ಅನ್ನುವುದು ಮಾರುವವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಡೆದದ್ದು ಇಷ್ಟು. ಹಿಂದಿನ ಕಾಲದ ದೊಡ್ಡ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್ ಸಹಿ ಮಾಡಿದ ಚೆಂಡು ಅಂತ ನಂಬಿಸಿ ಒಬ್ಬ ನನ್ನಿಂದ 450 ಡಾಲರ್ ತೆಗೆದುಕೊಂಡ. ಅದರ ಮೇಲೆ ನನ್ನ ಮಗನ ಹತ್ತಿರ ಇದ್ದ, ಆರನ್ ಜಡ್ಜ್ ಅನ್ನುವ ಆಟಗಾರನ ರೂಕಿ ಕಾರ್ಡನ್ನೂ (ಆಟಗಾರ ಹೊಸಬನಾಗಿದ್ದಾಗಿನ ಕಾರ್ಡ್) ತೆಗೆದುಕೊಂಡ. ಚೆಂಡು ನಕಲಿ. ತಜ್ಞರು ಭೂತಗನ್ನಡಿ ಹಿಡಿದು ಹೇಳಬೇಕಾದಂಥ ನಕಲಿಯೂ ಅಲ್ಲ, ಓದಲು ಬರುವ ಯಾರಾದರೂ ಹಿಡಿಯಬಹುದಾದ ನಕಲಿ. ಚೆಂಡಿನ ಮೇಲೇ ಅಚ್ಚಾಗಿತ್ತು. ನಾನು ನೋಡಲಿಲ್ಲ. ನೋಡದ ಹಾಗೆ ಅವನು ಮಾಡಿದ್ದ.

ಮಗನಿಗೆ ಹನ್ನೆರಡು ವರ್ಷ. ಲಿಟಲ್ ಲೀಗ್‌ನಲ್ಲಿ ಆಡುತ್ತಾನೆ, ಬೆನ್ನ ಮೇಲೆ 7. ನ್ಯೂಯಾರ್ಕಿನ ಯಾಂಕೀಸ್ ತಂಡದಲ್ಲಿ ಆ ಸಂಖ್ಯೆ ಮ್ಯಾಂಟಲ್ ಅವರದು, 1969ರಲ್ಲಿ ಅವರ ಗೌರವಕ್ಕಾಗಿ ಅದನ್ನು ನಿಲ್ಲಿಸಿಬಿಟ್ಟರು, ಆಮೇಲೆ ಯಾರಿಗೂ ಕೊಟ್ಟಿಲ್ಲ. 1951ರಿಂದ 1968ರವರೆಗೆ ಒಂದೇ ತಂಡ, 536 ಹೋಮ್ ರನ್, ಎಡಗೈ ಬಲಗೈ ಎರಡೂ ಕಡೆಯಿಂದ ಬ್ಯಾಟಿಂಗ್. ಮಗ ಇದನ್ನೆಲ್ಲ ಮಗ್ಗಿಯ ಹಾಗೆ ಒಪ್ಪಿಸುತ್ತಾನೆ. ಟಾಪ್ಸ್ ಕಂಪನಿಯ 1952ರ ಮ್ಯಾಂಟಲ್ ಕಾರ್ಡ್ ಒಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರ್‌ಗೆ ಹರಾಜಾಯಿತು ಅಂತ ನನಗೆ ಹೇಳಿದ್ದೂ ಅವನೇ. ಆ ಕಾರ್ಡ್ ಕನಸಿನ ಮಾತು. ಸಹಿಯ ಚೆಂಡಾದರೂ ಹುಟ್ಟುಹಬ್ಬಕ್ಕೆ ಕೊಡಿಸೋಣ ಅಂತ ನನ್ನ ಆಸೆ. ಚಿಕ್ಕವನಿದ್ದಾಗ ಬೆಂಗಳೂರಿನಲ್ಲಿ ಬಿಗ್ ಫನ್ ಬಬಲ್ ಗಮ್‌ನ ಕ್ರಿಕೆಟ್ ಚಿತ್ರಗಳನ್ನು ಕೂಡಿಸಿದವನು ನಾನು, ಚಿನ್ನಸ್ವಾಮಿ ಸ್ಟೇಡಿಯಮ್ಮಿನ ಗೇಟಿನ ಹತ್ತಿರ ಆಟೋಗ್ರಾಫ್ ಪುಸ್ತಕ ಹಿಡಿದು ಬಿಸಿಲಲ್ಲಿ ನಿಂತವನು. ಆ ಆಸೆ ಎಂಥದ್ದು ಅಂತ ನನಗೆ ಗೊತ್ತು.

ಭಾನುವಾರ, ಅಗ್ನಿಶಾಮಕದವರ ಹಾಲ್‌ನಲ್ಲಿ ಕಾರ್ಡ್ ಶೋ. ಹೋದವರಿಗೆ ಗೊತ್ತು, ಸಾಲು ಸಾಲು ಮೇಜು, ಪೆಟ್ಟಿಗೆ ತುಂಬ ಕಾರ್ಡು, ಇಬೇಯಲ್ಲಿ ಎಷ್ಟಕ್ಕೆ ಹೋಗಿದೆ ಅಂತ ಮೊಬೈಲಲ್ಲಿ ನೋಡುವುದು, ಚೌಕಾಸಿ, ಸ್ವಲ್ಪ ದುಡ್ಡು ಸ್ವಲ್ಪ ಕಾರ್ಡು ಸೇರಿಸಿ ವ್ಯಾಪಾರ ಕುದುರಿಸುವುದು. ಆ ಮನುಷ್ಯನ ಮೇಜು ಮೂಲೆಯಲ್ಲಿತ್ತು. ಐವತ್ತರ ಆಸುಪಾಸು, ಯಾಂಕೀಸ್ ಟೋಪಿ, ಬಾಯಿ ತುಂಬ ನಗು. ನನ್ನ ಮಗನ ಅಂಗಿ ನೋಡಿದವನೇ "ಓ, ಏಳನೇ ನಂಬರ್!" ಅಂದ. ಅಲ್ಲಿಗೆ ನಮ್ಮ ಕಥೆ ಮುಗಿಯಿತು, ನಮಗೆ ಅದು ತಿಳಿಯಲಿಲ್ಲ ಅಷ್ಟೆ.

ಮೇಜಿನ ಕೆಳಗಿನಿಂದ ಚೆಂಡು ತೆಗೆದ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಣ್ಣ ಪೀಠದ ಮೇಲೆ ಚೆಂಡು, ಎರಡು ಹೊಲಿಗೆಗಳು ಹತ್ತಿರ ಬರುವ ಕಡೆ ನೀಲಿ ಶಾಯಿಯಲ್ಲಿ ಸಹಿ. ಆ ಜಾಗಕ್ಕೆ ಸ್ವೀಟ್ ಸ್ಪಾಟ್ ಅನ್ನುತ್ತಾರೆ, ಸಹಿ ಅಲ್ಲೇ ಇದ್ದರೆ ಬೆಲೆ ಹೆಚ್ಚು. ಮ್ಯಾಂಟಲ್ ಸಹಿಯ ಆ ಎರಡು ದುಂಡನೆಯ ದೊಡ್ಡ ಎಂಗಳು, ಚಿತ್ರದಲ್ಲಿ ನೋಡಿದ ಹಾಗೆಯೇ. "1992, ಅಟ್ಲಾಂಟಿಕ್ ಸಿಟಿ, ನಮ್ಮ ಅಂಕಲ್ ಕ್ಯೂನಲ್ಲಿ ನಿಂತು ಹಾಕಿಸಿದ್ದು" ಅಂದ. ನಾನು ಅಲ್ಲೇ ಮೊಬೈಲಲ್ಲಿ ಹುಡುಕಿದೆ. ಮ್ಯಾಂಟಲ್ 1983ರಲ್ಲಿ ಅಟ್ಲಾಂಟಿಕ್ ಸಿಟಿಯ ಕ್ಯಾಸಿನೋ ಒಂದರಲ್ಲಿ ಕೆಲಸ ಹಿಡಿದಿದ್ದರು, ಅದಕ್ಕಾಗಿ ಬೇಸ್‌ಬಾಲ್ ಮಂಡಳಿ ಅವರನ್ನು ದೂರ ಇಟ್ಟು 1985ರಲ್ಲಿ ವಾಪಸ್ ಸೇರಿಸಿಕೊಂಡಿತ್ತು. ನಿಜವೇ. ಅಟ್ಲಾಂಟಿಕ್ ಸಿಟಿ ಅಂದದ್ದು ಹೊಂದಿಕೊಂಡಿತು, ನಾನು ನಂಬಿದೆ. ಒಂದು ನಿಜ ಸಿಕ್ಕಿತು ಅಂತ ಉಳಿದ ಹತ್ತು ಮಾತನ್ನೂ ನಿಜ ಅಂದುಕೊಂಡೆ.

ಚೆಂಡನ್ನು ಕೈಯಲ್ಲಿ ಹಿಡಿದು ನೋಡಬಹುದಾ ಅಂತ ಮಗ ಕೇಳಿದ. ಆಗ ಅವನು ಹೇಳಿದ ಮಾತು ಇದು, ಇದನ್ನು ನೆನಪಿಡಿ. "ಬೇಡಪ್ಪಾ, ಕೈಯ ಎಣ್ಣೆ ತಾಗಿದರೆ ಶಾಯಿ ಹಾಳಾಗುತ್ತೆ, ಬೆಲೆ ಬೀಳುತ್ತೆ. ಡಬ್ಬಿಗೆ ಸ್ಟಿಕ್ಕರ್ ಹಾಕಿದೀನಿ, ಅದು ಹರಿದರೆ ನಾನು ವಾಪಸ್ ತಗೊಳ್ಳಲ್ಲ." ಎಷ್ಟು ಕಾಳಜಿ ಇವನಿಗೆ ಅನ್ನಿಸಿತು ನನಗೆ! ಮಗ ಕೈ ಹಿಂದಕ್ಕೆ ತೆಗೆದುಕೊಂಡ. ಡಬ್ಬಿಯ ತಳ ಮಾತ್ರ ಕಪ್ಪು, ಚೆಂಡಿನ ಕೆಳಭಾಗ ಕಾಣುತ್ತಿರಲಿಲ್ಲ. ಜೊತೆಗೆ ಅಂಚಿಗೆ ಬಂಗಾರದ ಬಣ್ಣದ ಒಂದು ಪ್ರಮಾಣಪತ್ರ, ಮಿನುಗುವ ಸ್ಟಿಕ್ಕರ್, ಯಾವುದೋ ಕಂಪನಿಯ ಹೆಸರು, ಒಂದು ಸಂಖ್ಯೆ.

600 ಹೇಳಿದ. 540ಕ್ಕೆ ಇಳಿದ. ನನ್ನ ಹತ್ತಿರ ಅಷ್ಟು ಇರಲಿಲ್ಲ. ಮಗನ ಬೈಂಡರ್ ಕಡೆ ನೋಡಿದ. ಜಡ್ಜ್ ಕಾರ್ಡನ್ನು 90 ಡಾಲರ್ ಅಂತ ಹಿಡಿಯುತ್ತೇನೆ, ಉಳಿದದ್ದು ಝೆಲ್‌ನಲ್ಲಿ (ಮೊಬೈಲಿನಿಂದ ನೇರ ಬ್ಯಾಂಕ್ ಖಾತೆಗೆ ದುಡ್ಡು ಕಳಿಸುವುದು) ಕಳಿಸು ಅಂದ. ಆ ಕಾರ್ಡ್ 2017ರ ಟಾಪ್ಸ್, ಸಂಖ್ಯೆ 287. ನಾವು ಈ ದೇಶಕ್ಕೆ ಬಂದ ವರ್ಷ ಕೊಂಡ ಮೊದಲ ಪ್ಯಾಕೆಟ್ಟಿನಲ್ಲಿ ಬಂದದ್ದು. ಮಗನಿಗೆ ಆಗ ಐದು ವರ್ಷ, ಆರನ್ ಜಡ್ಜ್ ಯಾರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. 2022ರಲ್ಲಿ ಜಡ್ಜ್ 62 ಹೋಮ್ ರನ್ ಹೊಡೆದಾಗ ಇವನು ಆ ಕಾರ್ಡನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದ. ಆಮೇಲೆ ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಡುವ ಪಿಎಸ್‌ಎ ಕಂಪನಿಗೆ ಕಳಿಸಿದೆವು, 10ಕ್ಕೆ 9 ಬಂತು. ಮಗ ನನ್ನ ಮುಖ ನೋಡಿದ. "ಪರವಾಗಿಲ್ಲ ಕಣೋ, ಮ್ಯಾಂಟಲ್ ಅಲ್ವಾ" ಅಂತ ನಾನೇ ಹೇಳಿದೆ. ನಾನೇ ಹೇಳಿದ್ದು. 450 ದುಡ್ಡಿಗಿಂತ ಇದೇ ನನ್ನನ್ನು ತಿನ್ನುತ್ತಿರುವುದು.

ಮೂರು ವಾರ ಚೆಂಡು ಮಗನ ಮೇಜಿನ ಮೇಲಿತ್ತು. ಆಮೇಲೆ ಇನ್ನೊಂದು ಊರಿನ ಶೋಗೆ ಹೋದಾಗ, ತೋರಿಸುವ ಆಸೆಗೆ ಮಗ ಅದನ್ನೂ ಚೀಲದಲ್ಲಿ ತಂದಿದ್ದ. ಅಲ್ಲಿ ಹಳೆಯ ಚೆಂಡುಗಳನ್ನು ಮಾತ್ರ ಮಾರುವ ಒಬ್ಬ ವಯಸ್ಸಾದವರಿದ್ದರು. ಡಬ್ಬಿ ನೋಡಿ "ಇದನ್ನು ತೆಗೆಯಲಾ?" ಅಂದರು. ಸ್ಟಿಕ್ಕರ್ ಹರಿದರೆ ವಾಪಸ್ ಇಲ್ಲವಂತೆ ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು "ತೆಗೆಯಲೇಬೇಕು" ಅಂದರು. ತೆಗೆದರು. ಬಟ್ಟೆಯಲ್ಲಿ ಹಿಡಿದು ಚೆಂಡನ್ನು ತಿರುಗಿಸಿದರು. ಸಹಿಯ ಕಡೆ ಕಣ್ಣೂ ಹಾಕಲಿಲ್ಲ. ಕೆಳಗಿದ್ದ ಅಚ್ಚಿನ ಮೇಲೆ ಹೆಬ್ಬೆರಳಿಟ್ಟು ನನ್ನ ಮಗನನ್ನು ಕೇಳಿದರು, "ಮ್ಯಾಂಟಲ್ ತೀರಿಕೊಂಡದ್ದು ಯಾವಾಗ ಮಗೂ?"

"1995 ಆಗಸ್ಟ್ 13" ಅಂತ ಇವನು ತಟ್ಟನೆ ಹೇಳಿದ.

ಅವರು ಹೆಬ್ಬೆರಳು ಸರಿಸಿದರು. ಅಲ್ಲಿ ಬೇಸ್‌ಬಾಲ್ ಮಂಡಳಿಯ ಮುಖ್ಯಸ್ಥರಾಗಿದ್ದ ಕಮಿಷನರ್ ಬಡ್ ಸೆಲಿಗ್ ಅವರ ಸಹಿಯ ಅಚ್ಚು, ಅಲನ್ ಎಚ್. ಸೆಲಿಗ್ ಅಂತ. ಇಲ್ಲಿನ ದೊಡ್ಡ ಬೇಸ್‌ಬಾಲ್ ಅಂದರೆ ಮೇಜರ್ ಲೀಗ್, ಅದರೊಳಗೆ ಎರಡು ಲೀಗ್; ಅದರ ಮಾಮೂಲಿ ಪಂದ್ಯಗಳ ಚೆಂಡಿನ ಮೇಲೆ 1999ರವರೆಗೆ ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್ ಅಂತ ಬೇರೆ ಬೇರೆ ಅಚ್ಚು, ಆಯಾ ಲೀಗ್‌ನ ಅಧ್ಯಕ್ಷರ ಸಹಿ. 2000ದಿಂದ ಎರಡಕ್ಕೂ ಒಂದೇ ಚೆಂಡು, ಕಮಿಷನರ್ ಸಹಿ. ಅಂದರೆ ಆ ಚೆಂಡು ತಯಾರಾಗುವ ಹೊತ್ತಿಗೆ ಮ್ಯಾಂಟಲ್ ತೀರಿಕೊಂಡು ನಾಲ್ಕು ವರ್ಷ ದಾಟಿತ್ತು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಗನಿಗೆ ಹಿಡಿಯಲಿಲ್ಲ. ಕೆಂಪಾಗಿ ತಲೆ ತಗ್ಗಿಸಿದ. "ಅಪ್ಪಾ, ಹೋಗೋಣ" ಅಂದ. ಅಷ್ಟೇ. ಕಾರಿನಲ್ಲಿ ಮನೆಯವರೆಗೂ ಮಾತಾಡಲಿಲ್ಲ.

ಈಗ, ಚೆಂಡು ಮಾರಿದವನಿಗೆ ನಾನು ಮೆಸೇಜ್ ಮಾಡಿದಾಗ ಬಂದ ಉತ್ತರಗಳು. ಮೆಸೇಜ್‌ಗಳು ನನ್ನ ಹತ್ತಿರ ಇವೆ, ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುತ್ತೇನೆ.

ಮೊದಲು: "ನೀನು ಅಚ್ಚು ತಪ್ಪು ಓದಿದ್ದೀಯ, ಮಾಸಿ ಹೋಗಿದೆ." ನಾನು ಫೋಟೋ ಕಳಿಸಿದೆ. ಒಂದು ದಿನ ಸುಮ್ಮನೆ.

ಮಾರನೆಯ ದಿನ: "ಸೆಲಿಗ್ 1992ರಿಂದಲೇ ಕಮಿಷನರ್ ಕೆಲಸ ನೋಡ್ತಿದ್ದರು. ಇತಿಹಾಸ ಓದು." ಇದು ಕೇಳಿದಾಗ ನನಗೆ ಮತ್ತೆ ಅನುಮಾನ ಬಂತು, ನಾನೇ ತಪ್ಪೇನೋ ಅಂತ. ಯಾಕೆಂದರೆ ಅದೂ ನಿಜ, ಸೆಲಿಗ್ 1992ರ ಸೆಪ್ಟೆಂಬರಿನಿಂದ ಹಂಗಾಮಿಯಾಗಿ ಆ ಕೆಲಸ ನೋಡಿಕೊಳ್ಳುತ್ತಿದ್ದರು, 1998ರಲ್ಲಿ ಪೂರ್ಣ ಕಮಿಷನರ್ ಆದರು. ಆದರೆ 1992ರ ಅಮೆರಿಕನ್ ಲೀಗ್ ಚೆಂಡಿನ ಮೇಲೆ ಇರಬೇಕಾದದ್ದು ಆಗ ಆ ಲೀಗ್‌ನ ಅಧ್ಯಕ್ಷರಾಗಿದ್ದ ಬಾಬಿ ಬ್ರೌನ್ ಅವರ ಹೆಸರು. (ಅವರು ಸ್ವತಃ ಹೃದ್ರೋಗ ವೈದ್ಯರು, ಹಿಂದೆ ಮ್ಯಾಂಟಲ್ ಜೊತೆ ಯಾಂಕೀಸ್‌ನಲ್ಲಿ ಆಡಿದವರು. ಇದನ್ನೂ ನನಗೆ ಹೇಳಿದ್ದು ಮಗನೇ.) ನೋಡಿ, ಅವನಿಗೆ ಈ ತಾರೀಖುಗಳು ಗೊತ್ತಿದ್ದವು. ಗೊತ್ತಿಲ್ಲದೆ ಮಾರಿದವನಲ್ಲ. ಗೊತ್ತಿದ್ದೇ ಮಾರಿದ.

ಬಾಬಿ ಬ್ರೌನ್ ಹೆಸರು ಹೇಳಿದ ಮೇಲೆ ಧಾಟಿ ಬದಲಾಯಿತು. "ಪ್ರಮಾಣಪತ್ರ ಕೊಟ್ಟಿದ್ದೀನಿ, ಆ ಕಂಪನಿಯನ್ನು ಕೇಳು." ಆ ಕಂಪನಿಯ ಫೋನ್ ನಂಬರ್ ಚಾಲ್ತಿಯಲ್ಲೇ ಇಲ್ಲ. ಆಮೇಲೆ: "ಸ್ಟಿಕ್ಕರ್ ಹರಿದಿದ್ದೀಯ, ಡಬ್ಬಿಯಲ್ಲಿ ಬೇರೆ ಚೆಂಡು ಇಟ್ಟು ನನ್ನ ಮೇಲೆ ಹಾಕ್ತಿದ್ದೀಯ." ನನ್ನನ್ನೇ ಕಳ್ಳ ಮಾಡಿದ! ನಾನು ಬೇರೇನೂ ಬೇಡ, ಮಗನ ಕಾರ್ಡ್ ಆದರೂ ಕೊಡು ಅಂತ ಕೇಳಿಕೊಂಡೆ. ಕೇಳಿಕೊಂಡೆ, ಹೌದು. "ಟ್ರೇಡ್ ಅಂದರೆ ಟ್ರೇಡ್. ಕಾರ್ಡ್ ಆ ವಾರವೇ ಮಾರಿದ್ದೀನಿ." ಕೊನೆಯದು ಇದು: "ನಿಮ್ಮ ಕಡೆಯವರು ಕ್ರಿಕೆಟ್ ನೋಡ್ಕೊಂಡಿರಿ." ಅದಾದ ಮೇಲೆ ನನ್ನ ನಂಬರ್ ಬ್ಲಾಕ್.

ಬ್ಯಾಂಕಿನವರು ಝೆಲ್ ದುಡ್ಡು ನೀವೇ ಒಪ್ಪಿ ಕಳಿಸಿದ್ದು, ಇದರಲ್ಲಿ ನಾವು ಮಾಡುವಂಥದ್ದು ಏನೂ ಇಲ್ಲ ಅಂದರು. ಎರಡು ಸಲ ಫೋನ್ ಮಾಡಿದೆ, ಎರಡು ಸಲವೂ ಅದೇ ಉತ್ತರ. ಕೋರ್ಟಿಗೆ ಹೋಗೋಣವೆಂದರೆ ಅವನ ವಿಳಾಸ ನನ್ನ ಹತ್ತಿರ ಇಲ್ಲ. ಶೋ ನಡೆಸಿದವರು ಮೇಜು ಬಾಡಿಗೆಗೆ ಕೊಡುವುದಷ್ಟೇ ನಮ್ಮ ಕೆಲಸ ಅಂದರು. ಎಫ್‌ಬಿಐನ ಐಸಿ3 ದೂರು ವಿಭಾಗಕ್ಕೆ ಬರೆದಿದ್ದೇನೆ.

ಇದೆಲ್ಲ ಆದ ಮೇಲೆ ಕೂತು ಓದಿದೆ, ಮೊದಲೇ ಓದಬೇಕಿತ್ತು. 1990ರ ದಶಕದಲ್ಲಿ ಎಫ್‌ಬಿಐ ಆಪರೇಷನ್ ಬುಲ್‌ಪೆನ್ ಅಂತ ತನಿಖೆ ಮಾಡಿ ನಕಲಿ ಸಹಿಗಳ ದೊಡ್ಡ ಜಾಲವನ್ನೇ ಹಿಡಿದಿತ್ತು. ಮದರ್ ತೆರೇಸಾ ಸಹಿ ಅಂತ ಬೇಸ್‌ಬಾಲ್‌ಗಳು ಸಿಕ್ಕಿದ್ದವು ಅದರಲ್ಲಿ. ಆ ತಾಯಿಯ ಹೆಸರನ್ನೂ ಬಿಟ್ಟಿಲ್ಲ ಅವರು. ಸ್ಯಾನ್ ಡಿಯಾಗೋದ ಟೋನಿ ಗ್ವಿನ್ ತಮ್ಮ ತಂಡದ ಅಂಗಡಿಯಲ್ಲೇ ತಮ್ಮ ನಕಲಿ ಸಹಿ ಮಾರಾಟಕ್ಕಿದ್ದದ್ದನ್ನು ಕಂಡುಹಿಡಿದಿದ್ದರು. ಅಂಥ ದೊಡ್ಡ ಆಟಗಾರನ ಮನೆಯಂಗಳದಲ್ಲೇ ಹೀಗಾದರೆ ನಮ್ಮ ನಿಮ್ಮ ಗತಿ ಏನು? 2001ರಿಂದ ಮೇಜರ್ ಲೀಗ್‌ನವರೇ ಹೊಲೊಗ್ರಾಮ್ ಕೊಡುತ್ತಾರೆ, ಸಹಿ ಹಾಕುವಾಗ ಅವರ ಕಡೆಯ ಸಾಕ್ಷಿ ಎದುರಿಗೇ ನಿಂತಿರುತ್ತಾರೆ, ಆ ಸಂಖ್ಯೆಯನ್ನು ಅವರ ತಾಣದಲ್ಲಿ ನೋಡಬಹುದು. ಆದರೆ ಅದಕ್ಕೂ ಮುಂಚೆ ತೀರಿಕೊಂಡ ಮ್ಯಾಂಟಲ್ ಅಂಥವರ ಸಹಿಗೆ ಆ ಸಾಕ್ಷಿ ಎಲ್ಲಿಂದ ಬರಬೇಕು? ಸಹಿ ಪರೀಕ್ಷಿಸುವ ಕಂಪನಿಗಳಾದ ಪಿಎಸ್‌ಎ, ಜೆಎಸ್‌ಎ, ಬೆಕೆಟ್ ಇವರ ಅಭಿಪ್ರಾಯವೇ ಆಧಾರ. ಅವರ ಸ್ಟಿಕ್ಕರನ್ನೂ ನಕಲು ಮಾಡುವವರಿದ್ದಾರೆ, ಸಂಖ್ಯೆ ಹಾಕಿ ನೋಡಿ, ಅಲ್ಲಿ ಫೋಟೋ ಇದ್ದರೆ ನಿಮ್ಮ ಕೈಲಿರುವ ಚೆಂಡಿಗೆ ಹೋಲಿಸಿ.

ಸಹಿ ನೋಡುವ ಮೊದಲು ಚೆಂಡು ನೋಡಿ. ಯಾರ ಹೆಸರಿನ ಅಚ್ಚು, ಅವರು ಯಾವಾಗಿನವರು, ಸಹಿ ಹಾಕಿದವರು ಯಾವಾಗ ತೀರಿಕೊಂಡರು. ಎರಡು ನಿಮಿಷದ ಕೆಲಸ. ಡಬ್ಬಿ ತೆರೆಯಬೇಡಿ ಅಂದರೆ ದುಡ್ಡು ಕೊಡಬೇಡಿ, ಅಲ್ಲಿಂದ ಎದ್ದು ಬನ್ನಿ. ಪರಿಚಯವಿಲ್ಲದವರಿಗೆ ಝೆಲ್ ಬೇಡ, ಪೇಪಾಲ್‌ನ ಫ್ರೆಂಡ್ಸ್ ಅಂಡ್ ಫ್ಯಾಮಿಲಿಯೂ ಬೇಡ, ಎರಡರಲ್ಲೂ ಕೊಂಡವರಿಗೆ ರಕ್ಷಣೆ ಇಲ್ಲ. ಮಕ್ಕಳ ಬೈಂಡರ್ ಮೇಲೆ ಕಣ್ಣು ಹಾಕುವವನ ಮೇಜಿನ ಹತ್ತಿರವೂ ಹೋಗಬೇಡಿ.

ನ್ಯೂಜೆರ್ಸಿ, ನ್ಯೂಯಾರ್ಕ್, ಪೆನ್ಸಿಲ್ವೇನಿಯಾ ಕಡೆಯ ಶೋಗಳಿಗೆ ಹೋಗುವವರಲ್ಲಿ ಒಂದು ವಿನಂತಿ. 2017ರ ಟಾಪ್ಸ್ ಆರನ್ ಜಡ್ಜ್, ಸಂಖ್ಯೆ 287, ಪಿಎಸ್‌ಎ 9, ಹೊರಗಿನ ಪ್ಲಾಸ್ಟಿಕ್ಕಿನ ಕೆಳಗಡೆ ಬಲ ಮೂಲೆಯಲ್ಲಿ ಉಗುರಿನಷ್ಟು ಉದ್ದದ ಒಂದು ಗೀರು, ಹಿಂಭಾಗದಲ್ಲಿ ಕಿತ್ತ ಸ್ಟಿಕ್ಕರಿನ ಅಂಟು. ಎಲ್ಲಾದರೂ ಕಂಡರೆ ಫೋಟೋ ತೆಗೆದು ನನಗೆ ಕಳಿಸಿ. ಕೊಂಡವರದೇನೂ ತಪ್ಪಿಲ್ಲ, ಅವರು ಹೇಳಿದ ಬೆಲೆ ಕೊಟ್ಟು ತೆಗೆದುಕೊಳ್ಳುತ್ತೇನೆ. ಮಗನಿಗೆ ಇನ್ನೂ ಹೇಳಿಲ್ಲ, ಸಿಕ್ಕಿದ ಮೇಲೆ ಹೇಳುತ್ತೇನೆ.