ಒಂದೇ ಮದುವೆ, ಮೂರು ರೂಪ: ಕ್ಯಾಸೆಟ್, ವಿಸಿಡಿ, ಡಿವಿಡಿ

ಅಕ್ಕನ ಮದುವೆ ಆಗಿದ್ದು 1992ರಲ್ಲಿ, ಕುಂದಾಪುರದ ಹತ್ತಿರ ನಮ್ಮ ಮನೆಯಂಗಳದಲ್ಲೇ ಚಪ್ಪರ ಹಾಕಿ. ಅದರ ವಿಡಿಯೋ ನಮ್ಮಲ್ಲಿ ಮೂರು ರೂಪದಲ್ಲಿದೆ. ಮೂಲದ್ದು ವಿಎಚ್‌ಎಸ್ ಕ್ಯಾಸೆಟ್, ಮೂರು ಗಂಟೆಯ ಇ-180. ಆಮೇಲೆ 2002ರಲ್ಲಿ ಅದನ್ನೇ ಮೂರು ವಿಸಿಡಿ, ಅಂದರೆ ವಿಡಿಯೋ ತುಂಬಿಸಿದ ಸಿಡಿ, ಮಾಡಿಸಿದೆವು. 2009ರಲ್ಲಿ ಮತ್ತೆ ಒಂದು ಡಿವಿಡಿ. ಪ್ರತಿ ಸಲವೂ ಸ್ಟುಡಿಯೋದವರು ಹೇಳಿದ್ದು ಒಂದೇ ಮಾತು: ಇನ್ನು ಚಿಂತೆ ಇಲ್ಲ, ಕ್ಯಾಸೆಟ್ ಬಿಸಾಡಿ.

ಅಮ್ಮ ಬಿಸಾಡಲಿಲ್ಲ. ಹೋದ ಮಳೆಗಾಲದಲ್ಲಿ ಊರಿಗೆ ಹೋದಾಗ ಮೂರನ್ನೂ ಹಳೆಯ ಡಬ್ಬಾ ಟಿವಿಗೆ ಹಾಕಿ, ಒಂದಾದ ಮೇಲೊಂದು ನೋಡಿದೆ.

ಮೊದಲು ಯಂತ್ರದ ವಿಷಯ. ನಮ್ಮ ವಿಸಿಆರ್ ದೊಡ್ಡ ಮಾವ 1986ರಲ್ಲಿ ಬಹರೈನ್‌ನಿಂದ ತಂದದ್ದು. ಕರಾವಳಿಯ ಎಷ್ಟೋ ಮನೆಗಳಿಗೆ ವಿಸಿಆರ್ ಬಂದದ್ದು ಹೀಗೇ, ಗಲ್ಫ್‌ನಿಂದ ಬರುವವರ ಪೆಟ್ಟಿಗೆಯಲ್ಲಿ. ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿ ಕ್ಯಾಸೆಟ್ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಬೆಲ್ಟ್ ಸಿಕ್ಕಿತು. ಟೇಪ್ ಓದುವ ಹೆಡ್ ಮಾತ್ರ ಹೋದರೆ ಕಷ್ಟ. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ವಿಸಿಆರ್ ಅನ್ನುವುದೇ ಇಲ್ಲ. ಕ್ಯಾಸೆಟ್‌ನ ದೊಡ್ಡ ಕೊರತೆ ಇದೇ. ಟೇಪ್ ಚೆನ್ನಾಗಿರುತ್ತದೆ, ಓದುವ ಯಂತ್ರ ಇರುವುದಿಲ್ಲ.

ಕ್ಯಾಸೆಟ್‌ನ ಕಿಟಕಿಯಲ್ಲಿ ನೋಡಿದರೆ ಟೇಪಿನ ಅಂಚಿಗೆ ಬಿಳಿ ಬೂಷ್ಟು. ನಮ್ಮ ಕಡೆಯ ಮಳೆಗೆ ಇದು ಬರುವಂಥದ್ದೇ. ಹಾಗೇ ಹಾಕಿದರೆ ಬೂಷ್ಟು ಹೆಡ್‌ಗೆ ಅಂಟುತ್ತದೆ. ಹಿಂದಿನ ಐದು ಸ್ಕ್ರೂ ಬಿಚ್ಚಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಜಗಲಿಯಲ್ಲಿ ಕೂತು ಮೆತ್ತನೆ ಬಟ್ಟೆಯಲ್ಲಿ ನಿಧಾನವಾಗಿ ಒರೆಸಿದೆ. ಒಂದು ಮಧ್ಯಾಹ್ನ ಪೂರ್ತಿ ಬೇಕಾಯಿತು. ಆಮೇಲೆ ಹಾಕಿದೆ. ಕಟಕ್ ಅಂತ ಸದ್ದು, ಒಳಗೆ ಡ್ರಮ್ ತಿರುಗುವ ಗುಂಯ್, ಎರಡು ಸೆಕೆಂಡ್ ನೀಲಿ ಪರದೆ. ನಂತರ ಚಪ್ಪರ ಬಂತು.

ನಾನು ಹೋಲಿಕೆಗೆ ಇಟ್ಟುಕೊಂಡದ್ದು ಒಂದೇ ದೃಶ್ಯ, ಧಾರೆ ಹೊತ್ತಿನ ಅಕ್ಷತೆ. ಗಟ್ಟಿಮೇಳ ಶುರುವಾಗುತ್ತದೆ, ನಾಲ್ಕೂ ಕಡೆಯಿಂದ ಅಕ್ಷತೆ ಬೀಳುತ್ತದೆ. ಕ್ಯಾಸೆಟ್‌ನಲ್ಲಿ ಕಾಳು ಒಂದೊಂದಾಗಿ ಬಿಡಿಬಿಡಿಯಾಗಿ ಕಾಣುವುದಿಲ್ಲ. ಚಿತ್ರ ಮಸುಕು. ಅಕ್ಕನ ಧಾರೆ ಸೀರೆಯ ಕೆಂಪು ಪಕ್ಕದವರ ಬಿಳಿ ಪಂಚೆಗೂ ಸೋರಿದೆ. ಬಣ್ಣದ ವಿವರ ವಿಎಚ್‌ಎಸ್‌ನಲ್ಲಿ ತುಂಬ ಕಡಿಮೆ, ಕೆಂಪಿಗಂತೂ ಅಂಚೇ ನಿಲ್ಲುವುದಿಲ್ಲ. ಆದರೆ ಚಲನೆ? ಮಳೆ ಸುರಿದ ಹಾಗೆ ಅಕ್ಷತೆ ಬೀಳುತ್ತದೆ. ನಮ್ಮ ಟಿವಿಯ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ, ಒಂದೊಂದೂ ಬೇರೆ ಕ್ಷಣದ, 50 ಅರ್ಧಚಿತ್ರಗಳು ಬರುವುದರಿಂದ ಕೈ ಎತ್ತಿದ್ದು, ಎಸೆದದ್ದು, ಬಿದ್ದದ್ದು ಎಲ್ಲ ನಯವಾಗಿ ಕಾಣುತ್ತದೆ.

ಅದೇ ದೃಶ್ಯ ವಿಸಿಡಿಯಲ್ಲಿ ನೋಡಿ ಬೇಜಾರಾಯಿತು. 352 x 288 ಚುಕ್ಕೆ, ಸೆಕೆಂಡಿಗೆ 25 ಚಿತ್ರ ಮಾತ್ರ. ಅಂದರೆ ಚಲನೆಯ ಅರ್ಧ ಅಲ್ಲೇ ಹೋಯಿತು. ಇಡೀ ಚಿತ್ರಕ್ಕೆ ಸಿಗುವುದು ಸೆಕೆಂಡಿಗೆ 1150 ಕಿಲೋಬಿಟ್ ಮಾಹಿತಿ. ಅಕ್ಕ ಸುಮ್ನೆ ಕೂತಿರುವಾಗ ಅಷ್ಟು ಸಾಕು. ಅಕ್ಷತೆ ಬಿದ್ದ ಕೂಡಲೇ ಪರದೆಯ ತುಂಬ ಸಾವಿರ ಕಾಳು ಒಟ್ಟಿಗೆ ಓಡುತ್ತವೆ, ಲೆಕ್ಕ ತಪ್ಪುತ್ತದೆ. ಅಕ್ಕ, ಭಾವ, ಭಟ್ಟರು ಎಲ್ಲರ ಮುಖವೂ ಚೌಕ ಚೌಕ. ಮದುವೆಯ ಮುಖ್ಯ ಕ್ಷಣದಲ್ಲೇ ಮದುಮಕ್ಕಳ ಮುಖ ಇಲ್ಲ ಅಂದರೆ ಹೇಗೆ? 2002ರಲ್ಲಿ ಇದನ್ನೇ ನಾವು ‘ಎಷ್ಟು ಕ್ಲಿಯರ್’ ಅಂದಿದ್ದೆವು. ಗೀರು ಇಲ್ಲ, ರೀವೈಂಡ್ ಮಾಡಬೇಕಿಲ್ಲ ಅನ್ನುವುದೇ ನಮಗೆ ದೊಡ್ಡದಾಗಿತ್ತು.

ಡಿವಿಡಿಯನ್ನು ಹೊಗಳಲೇಬೇಕು. ಮೂರು ಗಂಟೆಯನ್ನೂ ಒಂದೇ ಡಿಸ್ಕಿಗೆ ತುಂಬಿಸಿದ್ದರೂ ಚಿತ್ರ ಸುಮಾರು ಕ್ಯಾಸೆಟ್‌ನಷ್ಟೇ ಇದೆ. ಅಕ್ಷತೆ ಅಕ್ಷತೆಯಾಗಿಯೇ ಬೀಳುತ್ತದೆ. ನಾಗಸ್ವರವೂ ಚೆನ್ನಾಗಿ ಕೇಳುತ್ತದೆ. ಚಿತ್ರ ಒಂದನ್ನೇ ನೋಡಿದ್ದರೆ ಡಿವಿಡಿಗೇ ನನ್ನ ಮತ.

ಆದರೆ ಕೊನೆಯವರೆಗೆ ನೋಡಬೇಕು, ಅಲ್ವಾ? ಎರಡೂವರೆ ಗಂಟೆ ಕಳೆದ ಮೇಲೆ ಡಿವಿಡಿ ನಿಂತಿತು. ಪ್ಲೇಯರ್ ಕಿರ್ ಕಿರ್ ಅಂದಿತು, ಚಿತ್ರ ಹೆಪ್ಪುಗಟ್ಟಿತು. ಹೀಗೆ ಒಂದೊಂದಾಗಿ ತುಂಬಿಸುವ ಡಿಸ್ಕ್‌ಗಳಲ್ಲಿ ಮಾಹಿತಿ ಒಳಗಿನಿಂದ ಹೊರಗೆ ಹೋಗುತ್ತದೆ. ನಮ್ಮ ಕೈ ತಾಗುವುದು, ಗೀರು ಬೀಳುವುದು ಹೊರ ಅಂಚಿಗೇ ಜಾಸ್ತಿ. ಹಾಗಾಗಿ ಕೊನೆಯ ಭಾಗ ಮೊದಲು ಹೋಗಿದೆ. ವಿಸಿಡಿಯ ಮೂರನೇ ಡಿಸ್ಕಿನ ಸ್ಥಿತಿ ಇನ್ನೂ ಹಾಳು. ಸಿಡಿಯಲ್ಲಿ ಬೆಳ್ಳಿಪದರ ಇರುವುದು ಹೆಸರು ಬರೆಯುವ ಬದಿಯಲ್ಲೇ, ಮೇಲೆ ತೆಳು ಮೆರುಗು ಬಿಟ್ಟರೆ ಬೇರೆ ರಕ್ಷಣೆ ಇಲ್ಲ. ಅದು ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂದಿದೆ. ಬೆಳಕಿಗೆ ಹಿಡಿದರೆ ಆಚೆ ಇರುವ ತೆಂಗಿನ ಮರ ಕಾಣುತ್ತದೆ.

ಮದುವೆ ವಿಡಿಯೋದ ಕೊನೆಯಲ್ಲಿ ಏನಿರುತ್ತದೆ? ಹೆಣ್ಣು ಒಪ್ಪಿಸುವ ಶಾಸ್ತ್ರ. ಎರಡು ಪ್ರತಿಯಲ್ಲೂ ಅದೇ ಇಲ್ಲ.

ಕ್ಯಾಸೆಟ್ ಇಲ್ಲಿ ತದ್ವಿರುದ್ಧ. ರೀವೈಂಡ್ ಮಾಡಿ ಇಟ್ಟ ಕ್ಯಾಸೆಟ್‌ನಲ್ಲಿ ಕೊನೆಯ ಭಾಗ ಸುರುಳಿಯ ಒಳಗಿನ ಒಳಗೆ ಇರುತ್ತದೆ. ಅದರ ಮೇಲೆ ಇನ್ನೂರು ಮೀಟರಿಗೂ ಜಾಸ್ತಿ ಟೇಪ್ ಸುತ್ತಿಕೊಂಡಿರುತ್ತದೆ. ಬೂಷ್ಟು, ಧೂಳು ಏನಿದ್ದರೂ ಬಹುಪಾಲು ಶುರುವಿನ ಗಣಪತಿ ಪೂಜೆಗೆ ತಾಗಿದೆ. ಟೇಪ್ ಹಾಳಾಗುವ ರೀತಿಯೂ ಬೇರೆ. ಗೆರೆ ಬರುತ್ತದೆ, ಬಣ್ಣ ತೇಲುತ್ತದೆ, ನಾಗಸ್ವರ ಸ್ವಲ್ಪ ನಡುಗುತ್ತದೆ. ಟ್ರ್ಯಾಕಿಂಗ್ ಗುಂಡಿ ತಿರುಗಿಸಿ ಹೆಡ್ಡನ್ನು ಮತ್ತೆ ಸರಿಯಾದ ಗೆರೆಗೆ ಕೂರಿಸಿದರೆ ಸಾಕು, ಚಿತ್ರ ಮುಂದೆ ಹೋಗುತ್ತದೆ.

ಇನ್ನೊಂದು ವಿಷಯ ಕ್ಯಾಸೆಟ್‌ನಲ್ಲಿ ಮಾತ್ರ ಇದೆ. ಅಳಿಸಿಹೋಗದಿರಲಿ ಅಂತ ಮುರಿದಿಟ್ಟಿದ್ದ ಪ್ಲಾಸ್ಟಿಕ್ ತುಂಡಿನ ಜಾಗಕ್ಕೆ ಚಿಕ್ಕಪ್ಪ ಸೆಲ್ಲೋಟೇಪ್ ಅಂಟಿಸಿ, 1996ರ ಮಾರ್ಚ್ 9ರ ರಾತ್ರಿ ಬೆಂಗಳೂರಿನ ಭಾರತ–ಪಾಕಿಸ್ತಾನ ವಿಶ್ವಕಪ್ ಕ್ರಿಕೆಟ್ ಕ್ವಾರ್ಟರ್ ಫೈನಲ್ ರೆಕಾರ್ಡ್ ಮಾಡಿದ್ದರು. ಮದುವೆ ಊಟದ ಪಂಕ್ತಿಯ ಮಧ್ಯೆ ವೆಂಕಟೇಶ್ ಪ್ರಸಾದ್ ಬಂದು ಆಮಿರ್ ಸೊಹೈಲ್ ಸ್ಟಂಪ್ ಹಾರಿಸುತ್ತಾರೆ. ಹತ್ತು ನಿಮಿಷದ ನಂತರ ಪಾಯಸ ಬಡಿಸುವವರು ಮತ್ತೆ ಬರುತ್ತಾರೆ. ವಿಸಿಡಿ, ಡಿವಿಡಿ ಮಾಡಿದವರು ಇದನ್ನು ತಪ್ಪು ಅಂತ ಕತ್ತರಿಸಿದ್ದಾರೆ. ಆವತ್ತು ಮನೆಯಲ್ಲಿ ಬಿದ್ದ ಬೈಗುಳ ನನಗೆ ನೆನಪಿದೆ. ಈಗ ಆ ಹತ್ತು ನಿಮಿಷ ನನಗೆ ಮದುವೆಯಷ್ಟೇ ಪ್ರೀತಿ.

ಈಗ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ ನಾಲ್ಕನೇ ರೂಪ ಮಾಡಿದ್ದೇನೆ. ಅಗ್ಗದ ಯುಎಸ್‌ಬಿ ಸಾಧನದಲ್ಲಿ ಮೊದಲು ಪ್ರಯತ್ನಿಸಿದೆ, ಅರ್ಧ ಗಂಟೆಗೆ ಮಂತ್ರ ಒಂದು ಕಡೆ, ಭಟ್ಟರ ತುಟಿ ಒಂದು ಕಡೆ. ಆಮೇಲೆ ಗೆಳೆಯನ ಹಳೆಯ ಮಿನಿಡಿವಿ ಕ್ಯಾಮೆರಾದ ಮೂಲಕ ಹಾಯಿಸಿದೆ. ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ, ಆದರೂ ಇದೇ ಸರಿ. ಎರಡು ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟಿದ್ದೇನೆ. ಕ್ಯಾಸೆಟ್ಟನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಹಾಕಿ, ಪುಸ್ತಕದ ಹಾಗೆ ನಿಲ್ಲಿಸಿ ಇಟ್ಟಿದ್ದೇನೆ.

ಕೊನೆಯ ಭಾಗ ಬಂದಾಗ ಅಮ್ಮ ಅಡುಗೆಮನೆಯಿಂದ ಬಂದು ನಿಂತರು. ಅಪ್ಪಯ್ಯ ಅಕ್ಕನ ಕೈಯನ್ನು ಅವಳ ಅತ್ತೆಯ ಕೈಯಲ್ಲಿಟ್ಟು, ಹೆಗಲ ಬೈರಾಸ ಎಳೆದು ಕಣ್ಣಿಗೆ ಒತ್ತಿಕೊಂಡರು. ಕ್ಯಾಮೆರಾದವನು ಸಂಕೋಚದಿಂದ ಚಪ್ಪರದ ಮಾವಿನೆಲೆ ಕಡೆ ತಿರುಗಿದ, ಮತ್ತೆ ವಾಪಸ್ ಬಂದ. ಅಪ್ಪಯ್ಯನ ಕಾಲ ಹತ್ತಿರ ಒಂದು ಬಿಳಿ ಗೆರೆ ಓಡುತ್ತಿತ್ತು. ನಾನು ಗುಂಡಿಗೆ ಕೈ ಹಾಕಿದೆ.

‘ಬಿಡು, ಮುಖ ಕಾಣ್ತದಲ್ಲ’ ಅಂದರು ಅಮ್ಮ. ‘ಸ್ವಲ್ಪ ಹಿಂದೆ ಮಾಡಿ ಇನ್ನೊಂದ್ಸಲ ಹಾಕು.’